ಆಹ್ ಬಿಂಗ್: ಹಣ್ಣಿನಲ್ಲಿ ಉಳಿದ ಹೆಸರು

ಅಮೆರಿಕದ ಚೆರ್ರಿ ಹಣ್ಣುಗಳಲ್ಲಿ ‘ಬಿಂಗ್’ ಎಂಬ ತಳಿ ಬಹುಪ್ರಸಿದ್ಧವಾದುದು. ಗಾಢವಾದ ಕೆಂಪು ಬಣ್ಣ, ದೊಡ್ಡ ಗಾತ್ರ, ಗಟ್ಟಿಯಾದ ತಿರುಳು ಅದರ ಲಕ್ಷಣಗಳು. ಆ ಹೆಸರು ಒರೆಗಾನ್ ರಾಜ್ಯದ ಮಿಲ್ವಾಕೀ ಎಂಬ ಊರಿನ ತೋಟದಲ್ಲಿ ದುಡಿದ ಚೀನೀ ಕೂಲಿಗಾರನೊಬ್ಬನದು.

ಆ ತೋಟಕ್ಕೂ ವಲಸೆಯ ಇತಿಹಾಸವಿದೆ. ಹೆಂಡರ್ಸನ್ ಲೆವೆಲಿಂಗ್ ಎಂಬವನು 1847ರಲ್ಲಿ ಸುಮಾರು 700 ಕಸಿ ಸಸಿಗಳನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಅಯೋವಾದಿಂದ ಒರೆಗಾನಿಗೆ ಬಂದನು. ಅವನ ತಮ್ಮ ಸೇತ್ ಲೆವೆಲಿಂಗ್ ಆ ಸಸ್ಯಕ್ಷೇತ್ರವನ್ನು ಬೆಳೆಸಿದನು. ಗುಲಾಮಗಿರಿಯ ವಿರೋಧಿಯಾಗಿದ್ದ ಸೇತ್, ತಾನು ಬೆಳೆಸಿದ ಒಂದು ಚೆರ್ರಿ ತಳಿಗೆ ‘ಬ್ಲ್ಯಾಕ್ ರಿಪಬ್ಲಿಕನ್’ ಎಂದು ಹೆಸರಿಟ್ಟನು. ಅದರ ಬೀಜದಿಂದ 1875ರಲ್ಲಿ ಬಿಂಗ್ ತಳಿ ಹುಟ್ಟಿತು.

ಬಿಂಗ್‌ನ ಕುರಿತ ವೃತ್ತಾಂತವು ಬಹುಮಟ್ಟಿಗೆ ಸೇತ್‌ನ ಮಲಮಗಳು ಫ್ಲಾರೆನ್ಸ್ ಲೆಡಿಂಗ್ ಹೇಳಿದ ನೆನಪುಗಳನ್ನು ಅವಲಂಬಿಸಿದೆ. ಆಕೆಯ ಪ್ರಕಾರ ಅವನು ಎತ್ತರದ ಆಳು. ತೋಟದ ಚೀನೀ ಕೆಲಸಗಾರರ ಮೇಸ್ತ್ರಿ. ಚೀನಾದಲ್ಲಿದ್ದ ಹೆಂಡತಿ ಮಕ್ಕಳಿಗೆ ಹಣ ಕಳುಹಿಸುತ್ತಿದ್ದವನು. ಅವನು ನೋಡಿಕೊಳ್ಳುತ್ತಿದ್ದ ಸಾಲಿನಲ್ಲಿಯೇ ಹೊಸ ಮರವು ಫಲ ಕೊಟ್ಟಿತು. ಹಣ್ಣಿಗೆ ತನ್ನ ಹೆಸರಿಡಬೇಕೆಂಬ ಸಲಹೆಯನ್ನು ಒಪ್ಪದ ಸೇತ್, ಮೇಸ್ತ್ರಿಯ ಹೆಸರನ್ನೇ ಇಟ್ಟನೆಂದು ಆಕೆ ಹೇಳುತ್ತಾಳೆ. ತಳಿಯನ್ನು ಬೆಳೆಸಿದವನು ಬಿಂಗನೇ ಎಂಬ ಕಥನವೂ ಇದೆ. ಎರಡರಲ್ಲಿಯೂ ಬಿಂಗನ ಸ್ವಂತ ಮಾತು ಇಲ್ಲ. ‘ಆಹ್’ ಎಂಬುದಂತೂ ಹೆಸರೇ ಅಲ್ಲ. ದಕ್ಷಿಣ ಚೀನಾದ ಆಡುಮಾತಿನಲ್ಲಿ ಸಲಿಗೆಯಿಂದ ಕರೆಯುವಾಗ ಹೆಸರಿನ ಮೊದಲು ಸೇರುವ ಪದ. ಅಮೆರಿಕದ ದಾಖಲೆಗಳು ಅನೇಕ ಚೀನೀಯರ ವಿಷಯದಲ್ಲಿ ಇದನ್ನೇ ಹೆಸರೆಂದು ಬರೆದುಕೊಂಡು ಮನೆತನದ ಹೆಸರನ್ನು ಬಿಟ್ಟುಬಿಟ್ಟವು.

ಅಂದಿನ ಕಾನೂನು ಇಂಥ ಶ್ರಮಿಕರನ್ನು ನೆಲದಿಂದ ದೂರವೇ ಇಟ್ಟಿತ್ತು. 1859ರಲ್ಲಿ ಜಾರಿಗೆ ಬಂದ ಒರೆಗಾನ್ ಸಂವಿಧಾನದಂತೆ, ಅದರ ಅಂಗೀಕಾರದ ವೇಳೆಗೆ ಅಲ್ಲಿ ನೆಲೆಸಿರದ ಚೀನೀಯನು ಭೂಮಿಯ ಒಡೆಯನಾಗುವಂತಿರಲಿಲ್ಲ. 1882ರ ಬಹಿಷ್ಕಾರ ಕಾಯಿದೆ ಹೊಸ ಕೂಲಿಗಾರರ ಪ್ರವೇಶವನ್ನು ತಡೆಯಿತು. ಮೊದಲೇ ಬಂದಿದ್ದವರು ಪ್ರಮಾಣಪತ್ರದೊಡನೆ ಊರಿಗೆ ಹೋಗಿ ಮರಳಬಹುದಿತ್ತು. 1888ರ ಸ್ಕಾಟ್ ಕಾಯಿದೆ ಆ ಪತ್ರಗಳನ್ನೂ ರದ್ದುಪಡಿಸಿತು. ಆಗ ದೇಶದ ಹೊರಗಿದ್ದ ಸುಮಾರು 20,000 ಮಂದಿಗೆ ಬಾಗಿಲು ಮುಚ್ಚಿತು. ಚೇ ಚಾನ್ ಪಿಂಗ್ ಎಂಬ ಕೂಲಿಗಾರ ಇದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1889ರಲ್ಲಿ ಕಾಯಿದೆಯನ್ನೇ ಎತ್ತಿಹಿಡಿಯಿತು.

ಅದೇ 1889ರಲ್ಲಿ ಬಿಂಗ್ ತನ್ನವರನ್ನು ಕಾಣಲು ಚೀನಾಕ್ಕೆ ಹೋದನೆಂದು ತಿಳಿದುಬರುತ್ತದೆ. ಅವನು ಮಿಲ್ವಾಕೀಗೆ ಮತ್ತೆ ಬರಲಾಗಲಿಲ್ಲ. ಬಹಿಷ್ಕಾರದ ಕಾಯಿದೆಗಳು ರದ್ದಾದದ್ದು 1943ರಲ್ಲಿ. ಒರೆಗಾನಿನ ಭೂಮಿಯ ನಿರ್ಬಂಧ ಹೋದದ್ದು 1946ರಲ್ಲಿ.

ಸೇತ್ ಲೆವೆಲಿಂಗ್‌ನ ಔದಾರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒಡೆಯನು ಹಣ್ಣಿಗೆ ಕೊಟ್ಟ ಗೌರವವನ್ನೇ ಆ ಸಮಾಜವು ಮನುಷ್ಯನಿಗೆ ಕೊಟ್ಟ ಗೌರವವೆಂದು ಓದುವುದು ತಪ್ಪಾದೀತು. ಬಿಂಗ್ ಚೆರ್ರಿ ಬೀಜದಿಂದಲ್ಲ, ಕಸಿಯಿಂದ ಹಬ್ಬುವ ತಳಿ. ಇಂದಿನ ಪ್ರತಿಯೊಂದು ಬಿಂಗ್ ಮರವೂ ಮಿಲ್ವಾಕೀಯ ಆ ಒಂದು ಮರದ ಟೊಂಗೆಯ ಸಂತತಿ. ಆ ಟೊಂಗೆಗಳು ಚಿಲಿ ದೇಶದವರೆಗೂ ಹೋಗಿ ಬೇರೂರಿದವು. ಮರವನ್ನು ಆರೈಕೆ ಮಾಡಿದವನಿಗೆ ಮಾತ್ರ ಅದರ ಬುಡಕ್ಕೆ ಮರಳುವ ಅನುಮತಿ ದೊರೆಯಲಿಲ್ಲ.