ಮದರಾಸಿನ ತೋಟಗಳೂ ಅವನ್ನು ಕಾಯುವವರೂ

ಬೆಂಗಳೂರಿನಿಂದ ಮದರಾಸಿನ ಸೆಂಟ್ರಲ್ ನಿಲ್ದಾಣಕ್ಕೆ ಬಂದಿಳಿದು, ಅಲ್ಲಿಂದ ಮಾಂಬಲದ ಕಡೆಗೋ ತಾಂಬರದ ಕಡೆಗೋ ಲೋಕಲ್ ಗಾಡಿಯಲ್ಲಿ ಹೋಗಬೇಕಾದವರು ಹೆದ್ದಾರಿಯನ್ನು ದಾಟಿ ಎದುರಿನ ಚಿಕ್ಕ ನಿಲ್ದಾಣವನ್ನು ಸೇರುತ್ತಾರೆ. ಆ ನಿಲ್ದಾಣದ ಹೆಸರು ‘ಪಾರ್ಕ್’. ಸುತ್ತಲ ಪೇಟೆಗೂ ಪಾರ್ಕ್ ಟೌನ್ ಎಂದೇ ಅಭಿಧಾನ. ಉದ್ಯಾನವೆಲ್ಲಿ ಎಂದು ಹುಡುಕುವ ಹೊಸಬನ ಕಣ್ಣಿಗೆ ಬೀಳುವುದು ಬಸ್ಸುಗಳ ಸಾಲು, ಮೆಟ್ರೋದ ಕಟ್ಟಡ, ನಗರಸಭೆಯ ಧವಳಸೌಧ, ಮತ್ತು ಎಡೆಬಿಡದ ಜನಪ್ರವಾಹ.

ಉದ್ಯಾನವೊಂದು ಅಲ್ಲಿ ನಿಜವಾಗಿಯೂ ಇತ್ತು. 1859ರಲ್ಲಿ ಮದರಾಸಿಗೆ ಗವರ್ನರಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು, ಹೊಸದಾಗಿ ಹೇರಲು ಹೊರಟಿದ್ದ ಆದಾಯತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ ಅಪರಾಧಕ್ಕಾಗಿ ಮರುವರ್ಷವೇ ಹಿಂದಕ್ಕೆ ಕರೆಸಲ್ಪಟ್ಟವನು. ಆ ಅಲ್ಪಕಾಲದಲ್ಲಿಯೇ ಅವನು ಪಟ್ಟಣದ ಸಾಮಾನ್ಯ ಜನರ ವಿಹಾರಕ್ಕೆಂದು ಪೀಪಲ್ಸ್ ಪಾರ್ಕ್ ಎಂಬ ಮಹೋದ್ಯಾನಕ್ಕೆ ಅಂಕುರಾರ್ಪಣ ಮಾಡಿದ್ದನು. 116 ಎಕರೆಗಳ ವಿಸ್ತಾರ, ಹನ್ನೊಂದು ಕೊಳಗಳು, ಮೈಲುಗಟ್ಟಲೆ ವಿಹಾರಮಾರ್ಗ, ಬ್ಯಾಂಡಿನವರಿಗೊಂದು ಮಂಟಪ, ಎಗ್ಮೋರಿನ ವಸ್ತುಸಂಗ್ರಹಾಲಯದಿಂದ ಬಂದ ಮೃಗಾಲಯ, ಇಷ್ಟು ಅದರ ವೈಭವ. ಆದರೆ ಪಟ್ಟಣಕ್ಕೆ ಏನು ಬೇಕಾದರೂ ಅಧಿಕಾರಸ್ಥರ ದೃಷ್ಟಿ ಮೊದಲು ಹರಿಯುತ್ತಿದ್ದುದು ಈ ತೋಟದ ಕಡೆಗೆ. ವಿಕ್ಟೋರಿಯಾ ಪಬ್ಲಿಕ್ ಹಾಲ್ ಬಂದಿತು, 1900ರಲ್ಲಿ ಮೂರ್ ಮಾರ್ಕೆಟ್ಟು ಬಂದಿತು, 1913ರಲ್ಲಿ ನಗರಸಭೆಯ ರಿಪ್ಪನ್ ಕಟ್ಟಡ, ಆಮೇಲೆ ಕ್ರೀಡಾಂಗಣ. 1985ರಲ್ಲಿ ಮೃಗಾಲಯವು ವಂಡಲೂರಿಗೆ ಹೋಯಿತು. ಅದೇ ವರ್ಷ ಮೂರ್ ಮಾರ್ಕೆಟ್ಟು ಬೆಂಕಿಗೆ ಆಹುತಿಯಾಗಿ, ಆ ಸ್ಥಳವು ರೈಲ್ವೆಯ ಪಾಲಾಯಿತು. ಇಂದು ಆ ಮಹೋದ್ಯಾನದ ಪಳೆಯುಳಿಕೆಯಾಗಿ ರಿಪ್ಪನ್ ಕಟ್ಟಡದ ಹಿಂಬದಿಗೆ ಮೈ ಲೇಡೀಸ್ ಪಾರ್ಕ್ ಎಂಬ ತುಣುಕೊಂದು ಉಳಿದಿದೆ. ಈ ಕಟ್ಟಡಗಳಲ್ಲಿ ಒಂದೊಂದೂ ತನ್ನಷ್ಟಕ್ಕೆ ಸಾರ್ವಜನಿಕ ಉಪಯೋಗದ್ದೇ ಎಂಬುದನ್ನು ಒಪ್ಪಬೇಕು. ತೋಟಕ್ಕೆ ಜನರ ಹೆಸರಿತ್ತು. ಇದು ನಮ್ಮದು ಎಂದು ಅಡ್ಡ ನಿಲ್ಲುವ ಜನರು ಮಾತ್ರ ಇರಲಿಲ್ಲ.

ಅಡ್ಡ ನಿಲ್ಲುವುದು ಈ ಸೀಮೆಯವರಿಗೆ ಅರಿಯದ ವಿದ್ಯೆಯೆಂದು ಭಾವಿಸುವುದಕ್ಕಿಲ್ಲ. ಮದರಾಸಿನಿಂದ ದಕ್ಷಿಣಕ್ಕೆ ಸುಮಾರು 75 ಕಿಲೋಮೀಟರ್ ದೂರದ ವೇಡಂತಾಂಗಲ್ ಗ್ರಾಮದಲ್ಲಿ ಮಳೆಗಾಲಕ್ಕೆ ಕೆರೆಯ ಮರಗಳ ಮೇಲೆ ನೀರುಹಕ್ಕಿಗಳು ಬಂದು ಗೂಡುಕಟ್ಟುವ ವಾಡಿಕೆ. ಹಕ್ಕಿಯ ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರವೆಂಬುದು ಅಲ್ಲಿನ ರೈತರ ಅನುಭವ. ಕಂಪನಿಯ ಸಿಪಾಯಿಗಳು ಕೋವಿ ಹಿಡಿದು ಬೇಟೆಗೆ ಬರತೊಡಗಿದಾಗ ಗ್ರಾಮಸ್ಥರು ಕಲೆಕ್ಟರ್ ಲಯನೆಲ್ ಪ್ಲೇಸನ ಬಳಿಗೆ ಹೋಗಿ, ಹಕ್ಕಿಗಳನ್ನು ಯಾರೂ ಕೊಲ್ಲಕೂಡದೆಂಬ ಕೌಲನ್ನು 1798ರಲ್ಲಿ ಬರೆಯಿಸಿಕೊಂಡರು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನವರು ಹಿತ್ತಿಲ ಹುಣಿಸೆಮರಗಳಲ್ಲಿ ಹೆಜ್ಜಾರ್ಲೆಗಳಿಗೆ ಇಂಬುಕೊಟ್ಟ ಬಗೆಯನ್ನು ಬಲ್ಲ ಕನ್ನಡಿಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಣದೊಳಗೆ ಇಂಥ ಒಡೆತನ ಮರಳಿ ಕಾಣಿಸಿಕೊಂಡ ಸ್ಥಳಗಳಲ್ಲಿ ಅಡಯಾರು ನದಿಯ ದಂಡೆಯ ಕೋಟ್ಟೂರುಪುರವನ್ನು ಮೊದಲು ಹೇಳಬೇಕು. ಅಲ್ಲಿಯ ರೈಲುನಿಲ್ದಾಣದ ಬಳಿಯ ಸರಕಾರಿ ನೆಲವೊಂದರಲ್ಲಿ ಊರವರೆಲ್ಲರೂ ಕಸ ಸುರಿಯುತ್ತಿದ್ದರು. 2005ರಲ್ಲಿ ಹುಟ್ಟಿದ ‘ನಿಳಲ್’ (ನೆರಳು) ಎಂಬ ವೃಕ್ಷಪ್ರೇಮಿಗಳ ಸಂಸ್ಥೆಯು ಮರುವರ್ಷ ಆ ತಿಪ್ಪೆಯನ್ನು ಕೈಗೆತ್ತಿಕೊಂಡಿತು. ಭಾನುವಾರ ಬೆಳಗ್ಗೆ ಬಿಡುವಿದ್ದವರೆಲ್ಲ ಬಂದು ಗುದ್ದಲಿ ಹಿಡಿಯುವುದು, ಪ್ಲಾಸ್ಟಿಕ್ಕು ಆಯುವುದು, ಪಾತಿ ಮಾಡುವುದು, ನೀರು ಹೊರುವುದು. ಹೀಗೆ ವಾರದಿಂದ ವಾರಕ್ಕೆ ನಡೆದ ಕೆಲಸದ ಫಲವಾಗಿ ಅಲ್ಲಿ ‘ಮರಪ್ಪೂಂಗಾ’, ಎಂದರೆ ಮರಗಳ ತೋಟ, ಎದ್ದಿತು. ಹೂವಿನ ಮಡಿಯಿಲ್ಲ, ಕತ್ತರಿಸಿದ ಹುಲ್ಲುಹಾಸಿಲ್ಲ, ಕಾರಂಜಿಯಿಲ್ಲ. ನಗರಸಭೆಯ ಉದ್ಯಾನಗಳ ಲಕ್ಷಣಗಳಲ್ಲಿ ಒಂದನ್ನೂ ಅಲ್ಲಿ ಕಾಣಿರಿ. ಈ ಕರಾವಳಿಯ ನೆಲಕ್ಕೆ ಸಹಜವಾದದ್ದು ಮಳೆ ಕಡಮೆಯಾದರೂ ವರ್ಷವಿಡೀ ಎಲೆಯುದುರದ, ಎತ್ತರಕ್ಕೆ ಬೆಳೆಯದ, ದಟ್ಟವಾದ ಒಣ ನಿತ್ಯಹರಿದ್ವರ್ಣದ ಕಾಡು. ಅದರ ಗುರುತುಗಳು ದೇವಸ್ಥಾನಗಳ ಆವರಣದಲ್ಲಿ ಸ್ಥಳವೃಕ್ಷಗಳಾಗಿ ಉಳಿದುಕೊಂಡಿವೆ. ಮೈಲಾಪುರದ ಕಪಾಲೀಶ್ವರನಿಗೆ ಸುರಹೊನ್ನೆ, ತಿರುವಾನ್ಮಿಯೂರಿನ ಮರುಂದೀಶ್ವರನಿಗೆ ಬನ್ನಿ. ನಿಳಲ್ ಸಂಸ್ಥೆಯವರ ಆಯ್ಕೆ ಈ ನಾಡಿನ ಮರಗಳ ಕಡೆಗೇ. ಬ್ರಿಟಿಷರ ಕಾಲದಿಂದ ರಸ್ತೆಬದಿಗೆ ನೆಟ್ಟ ಗುಲ್‌ಮೊಹರು ಮೊದಲಾದ ಪರದೇಶದ ಮರಗಳು ಕಣ್ಣಿಗೆ ಸೊಗಸೆಂಬುದು ದಿಟ. ಆದರೆ 2016ರ ಡಿಸೆಂಬರಿನಲ್ಲಿ ವರ್ಧಾ ಚಂಡಮಾರುತವು ಒಂದು ಹಗಲಿನಲ್ಲಿ ಸಾವಿರಾರು ಮರಗಳನ್ನು ಕೆಡವಿದ ಮೇಲೆ, ಯಾವ ಮರ ಎಲ್ಲಿಗೆ ಸಲ್ಲುತ್ತದೆಂಬ ಪ್ರಶ್ನೆಯನ್ನು ಪಟ್ಟಣದವರೂ ಕೇಳತೊಡಗಿದರು.

ಅದೇ ಸಂಸ್ಥೆಯವರು ಮರದ ಮೈಗೆ ಹೊಡೆದ ಮೊಳೆಗಳನ್ನೂ ಜಾಹೀರಾತಿನ ಹಲಗೆಗಳನ್ನೂ ಕಿತ್ತುಹಾಕುವ ಕೆಲಸವನ್ನು ಮಾಡಿದರು. ಬೀದಿಬೀದಿಗಳಲ್ಲಿ ಜನರನ್ನು ಕರೆದೊಯ್ದು ಮರಗಳ ಪರಿಚಯ ಮಾಡಿಸುವ ನಡಿಗೆಗಳನ್ನೂ ನಡೆಯಿಸಿದರು. ಈ ವಿಷಯ ಬಂದಾಗ ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯದಿರಲು ಕನ್ನಡಿಗನಿಗೆ ಸಾಧ್ಯವಿಲ್ಲ. ಮರೀನಾ ಕಡಲದಂಡೆಗೆ ಮುಖಮಾಡಿದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿಯೂ ಪ್ರಾಂಶುಪಾಲರಾಗಿಯೂ ದುಡಿದ ಅವರು ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದ ಕಥೆಯೇ ‘ಹಸುರು ಹೊನ್ನು’. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡವನ್ನು ಮುಟ್ಟಿ, ಮೂಸಿ, ಅದರ ಹೆಸರು ಕೂಗಿ ಮಾತಾಡಿಸುವ ಆ ವಿದ್ಯೆ ಕಾಲೇಜಿನ ಗೋಡೆಯಾಚೆಗೂ ಹಬ್ಬಿದುದನ್ನು ಕಂಡಿದ್ದರೆ ಅವರು ಸಂತೋಷಪಡುತ್ತಿದ್ದರೋ, ಸಸ್ಯನಾಮಗಳ ಉಚ್ಚಾರಣೆಯನ್ನು ಹಾಸ್ಯಮಾಡುತ್ತಿದ್ದರೋ, ಬಹುಶಃ ಎರಡನ್ನೂ ಮಾಡುತ್ತಿದ್ದರು.

ನಡಿಗೆಯ ಮಾತು ಬಂದಿತಷ್ಟೆ. ಮದರಾಸಿನಲ್ಲಿ ಹಾದಿಯೇ ಇಲ್ಲದ ಒಂದು ನಡಿಗೆಯುಂಟು. ನನ್ನ ಮಟ್ಟಿಗೆ ಆ ಪಟ್ಟಣದ ಅತ್ಯಂತ ಶ್ಲಾಘ್ಯವಾದ ಪದ್ಧತಿಗಳಲ್ಲಿ ಅದೊಂದು. ಜನವರಿಯಿಂದ ಮಾರ್ಚ್ ಮುಗಿಯುವವರೆಗೆ, ರಾತ್ರಿ ಬಹಳ ಹೊತ್ತಾದ ಮೇಲೆ, ನೀಲಾಂಕರೆಯಿಂದ ಬೆಸೆಂಟ್‌ನಗರದವರೆಗಿನ ಸುಮಾರು ಏಳು ಕಿಲೋಮೀಟರ್ ಮರಳಿನ ಮೇಲೆ ಒಂದು ಗುಂಪು ನಡೆಯುತ್ತದೆ. ಮೊಟ್ಟೆಯಿಡಲು ದಡ ಹತ್ತುವ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳ ಜಾಡನ್ನು ಹುಡುಕುವುದು ಅವರ ಉದ್ಯೋಗ. 1970ರ ದಶಕದಲ್ಲಿ ಗಿಂಡಿಯ ಹಾವುಗಳ ಪಾರ್ಕನ್ನು ಸ್ಥಾಪಿಸಿದ ರೋಮುಲಸ್ ವಿಟೇಕರ್ ಮತ್ತು ಅವರ ಸಂಗಡಿಗರು ಈ ಇರುಳ ಸಂಚಾರಕ್ಕೆ ಮೊದಲು ಹೆಜ್ಜೆಯಿಟ್ಟರು. 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲವು ಅದನ್ನು ನಡೆಯಿಸಿಕೊಂಡು ಬಂದಿದೆ. ಆಮೆ ಬಂದುಹೋದ ಗುರುತು, ಮರಳಿನಲ್ಲಿ ಎರಡು ಕಡೆ ಈಜುಗಾಲು ಒತ್ತಿದ ಪಟ್ಟೆಯಾಗಿ ಕಾಣುತ್ತದೆ. ಅದರ ಜಾಡು ಹಿಡಿದು ಹೋಗಿ, ಕೋಲಿನಿಂದ ಮೆಲ್ಲನೆ ತಡವಿ, ಗೂಡನ್ನು ಪತ್ತೆಮಾಡಿ, ನೂರರ ಆಸುಪಾಸಿನ ಮೊಟ್ಟೆಗಳನ್ನು ಎತ್ತಿ, ದಂಡೆಯ ಮೇಲೆಯೇ ಬೇಲಿಕಟ್ಟಿದ ಮರಿಮಾಡುವ ಜಾಗದಲ್ಲಿ ಅದೇ ಆಳದ ಗುಣಿ ತೋಡಿ ಹೂಳುತ್ತಾರೆ. ನಾಯಿನರಿಗಳ ಕಾಟವೂ ಮನುಷ್ಯರ ತುಳಿತವೂ ಅಲ್ಲಿಗೆ ತಾಕಲಾರವು. ಒಂದೂವರೆ ತಿಂಗಳಿಗೆ ಮರಿಗಳು ಮೇಲೇಳುತ್ತವೆ. ಕತ್ತಲ ಕಡಲಿನ ಮೇಲಿನ ಮಂದ ಬೆಳಕನ್ನು ನೋಡಿ ನೀರಿಗೆ ಹೋಗಬೇಕಾದ ಆ ಜೀವಗಳು, ದಂಡೆಯ ಬೀದಿದೀಪಗಳನ್ನು ಕಂಡು ಭ್ರಮಿಸಿ ರಸ್ತೆಯ ಕಡೆಗೆ ಹರಿದು ಸಾಯುವುದುಂಟು. ಆದುದರಿಂದ ಆ ಋತುವಿನಲ್ಲಿ ದೀಪ ಆರಿಸಬೇಕೆಂದು ನಗರಸಭೆಯನ್ನು ಬೇಡುವುದೂ ಈ ವಿದ್ಯಾರ್ಥಿಗಳ ಕರ್ತವ್ಯಗಳಲ್ಲಿ ಸೇರಿತು. ವಾರಾಂತ್ಯದಲ್ಲಿ ಸಾರ್ವಜನಿಕರನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಆಮೆ ಕಾಣದೆ ಬರಿಯ ನಿದ್ದೆಗೆಟ್ಟು ಹಿಂದಿರುಗುವವರೇ ಹೆಚ್ಚು. ಆದರೂ ಮದರಾಸಿನಲ್ಲಿ ಬೆಳೆದವರಲ್ಲಿ ಎಷ್ಟೋ ಮಂದಿ ಕಾಡುಪ್ರಾಣಿಯೊಂದನ್ನು ಅದರ ನೆಲೆಯಲ್ಲಿ ನೋಡಿದ್ದು ಈ ಮರಳಿನಲ್ಲಿಯೇ.

ಕಾನೂನಿನ ಹಾದಿ ಹಿಡಿದು ಗೆದ್ದ ನಿದರ್ಶನವೂ ಇದೆ. ಅಡಯಾರು ನದಿ ಕಡಲು ಸೇರುವಲ್ಲಿ ಒಳಚಾಚಿರುವ ಹಿನ್ನೀರು, ಹಕ್ಕಿನೋಡುವವರಿಗೆ ಬಹುಕಾಲದಿಂದ ಪುಣ್ಯಕ್ಷೇತ್ರ. ಅದನ್ನು ಹೂಳಿ ಕಟ್ಟಡಕ್ಕೆ ಬಳಸುವ ಪ್ರಯತ್ನ 1990ರ ದಶಕದಲ್ಲಿ ನಡೆದಾಗ, ಬಳಕೆದಾರರ ಮತ್ತು ನಾಗರಿಕರ ಸಂಘಟನೆಯೊಂದು ಹೈಕೋರ್ಟಿನ ಮೆಟ್ಟಿಲೇರಿತು. ಆ ಹೋರಾಟದಿಂದ ಉಳಿದ 58 ಎಕರೆಗಳನ್ನು ಸರಕಾರವೇ ಮುಂದೆ ಶುದ್ಧಗೊಳಿಸಿ, ತೊಲ್ಕಾಪ್ಪಿಯ ಪೂಂಗಾ ಎಂಬ ಹೆಸರಿನಲ್ಲಿ 2011ರ ಜನವರಿಯಲ್ಲಿ ತೆರೆಯಿತು. ತೆರೆಯಿತು ಎಂಬ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬಳಸಬೇಕಾಗಿದೆ. ನಾಗರಿಕರು ಹೋರಾಡಿ ಉಳಿಸಿಕೊಂಡ ಈ ಜಾಗದೊಳಕ್ಕೆ ನಾಗರಿಕರಿಗೆ ವರ್ಷಗಟ್ಟಲೆ ಮುಕ್ತಪ್ರವೇಶವಿರದೆ, ಶಾಲಾಮಕ್ಕಳ ತಂಡಗಳೂ ಅನುಮತಿ ಪಡೆದವರೂ ಮಾತ್ರ ಹೋಗಿಬರುತ್ತಿದ್ದರು. ಹಕ್ಕಿಗಳ ದೃಷ್ಟಿಯಿಂದ ಅದು ಸರಿ. ಆದರೆ ಕಣ್ಣಿಗೆ ಬೀಳದ ತೋಟದ ಮೇಲೆ ಮಮತೆ ಎಷ್ಟು ತಲೆಮಾರು ಉಳಿದೀತು? ಇನ್ನೂ ತೆಂಕಣಕ್ಕೆ ಪಳ್ಳಿಕ್ಕರಣೆಯ ಜೌಗುನೆಲವಿದೆ. ಸುತ್ತಲ ಬಡಾವಣೆಗಳ ನಿವಾಸಿಗಳೂ ಪರಿಸರ ಸಂಸ್ಥೆಗಳೂ, ಪೆರುಂಗುಡಿಯ ಕಸದ ಗುಡ್ಡದ ಹೊಗೆಯನ್ನು ಕುಡಿಯುತ್ತಲೇ ಹಟಹಿಡಿದುದರಿಂದ ಅದರ 317 ಹೆಕ್ಟೇರು 2007ರಲ್ಲಿ ಮೀಸಲು ಅರಣ್ಯವಾಗಿ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಅದು ಸೇರಿತು. ಗಿಂಡಿಯ ಕಾಡಿನ ಕಥೆ ಬೇರೆ. ಗವರ್ನರರ ಎಸ್ಟೇಟಾಗಿದ್ದ ಅದು 1910ರಲ್ಲಿ ಮೀಸಲು ಅರಣ್ಯವಾಗಿ, ಐಐಟಿಗೂ ಸ್ಮಾರಕಗಳಿಗೂ ಪಾಲುಕೊಟ್ಟು, ಉಳಿದ ಸುಮಾರು 270 ಹೆಕ್ಟೇರುಗಳಲ್ಲಿ 1978ರಿಂದ ರಾಷ್ಟ್ರೀಯ ಉದ್ಯಾನವೆನಿಸಿದೆ. ಪಟ್ಟಣದ ನಡುವೆಯೇ ಅಲ್ಲಿ ಕೃಷ್ಣಮೃಗಗಳು ಮೇಯುತ್ತವೆ.

ಕೆಥೀಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನದ ಪೂರ್ವಾಶ್ರಮವು ಕನ್ನಡಿಗರಿಗೆ, ಅದರಲ್ಲಿಯೂ ದಕ್ಷಿಣ ಕನ್ನಡದವರಿಗೆ, ಆತ್ಮೀಯವಾದದ್ದು. ಕಡಂದಲೆಯಿಂದ ಬರಿಗೈಯಲ್ಲಿ ಬಂದು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೃಷ್ಣರಾಯರು, 1835ರಲ್ಲಿ ಸ್ಥಾಪಿತವಾದ ಕೃಷಿ-ತೋಟಗಾರಿಕಾ ಸಂಘದ ಹಿಡಿತದಲ್ಲಿದ್ದ ಆ ಜಾಗದಲ್ಲಿ 1962ರಲ್ಲಿ ಡ್ರೈವ್-ಇನ್ ಹೋಟೆಲನ್ನು ತೆರೆದರು. ಮರಗಳಡಿಯಲ್ಲಿ ಕಾರು ನಿಲ್ಲಿಸಿದರೆ ಕಿಟಕಿಗೆ ತಟ್ಟೆ ತಗಲಿಸಿ ಮಸಾಲೆದೋಸೆಯನ್ನೂ ಕಾಫಿಯನ್ನೂ ಬಡಿಸುತ್ತಿದ್ದರು. ಕಾರಿಲ್ಲದವರು ಒಳಗಿನ ಸಭಾಂಗಣದಲ್ಲಿ ಕುಳಿತು ಒಂದೇ ಲೋಟ ಕಾಫಿಗೆ ಅಪರಾಹ್ನವನ್ನೆಲ್ಲ ಕಳೆಯಬಹುದಿತ್ತು. ಆ ಹೋಟೆಲಿನ ಸೊಬಗೆಲ್ಲ ನೆರಳಿನದು. ಆದಕಾರಣ ವ್ಯಾಪಾರದ ಲಾಭಕ್ಕಾಗಿಯಾದರೂ ಮರಗಳು ಉಳಿದವು. ನೆಲದ ಬಗೆಗಿನ ದೀರ್ಘ ವ್ಯಾಜ್ಯದ ಕೊನೆಯಲ್ಲಿ 2008ರಲ್ಲಿ ಹೋಟೆಲು ಮುಚ್ಚಿತು. 2010ರ ನವೆಂಬರಿನಲ್ಲಿ ಅದೇ ಹಳೆಯ ಮರಗಳನ್ನು ಉಳಿಸಿಕೊಂಡು ಸರಕಾರದ ಸಸ್ಯೋದ್ಯಾನವು ಟಿಕೆಟ್ಟಿನ ಕಟ್ಟೆಯೊಡನೆ ತೆರೆಯಿತು. ಡ್ರೈವ್-ಇನ್ನಿನ ಹಳೆಯ ಗಿರಾಕಿಗಳಿಗೆ ಈ ಬದಲಾವಣೆ ಇನ್ನೂ ಪಥ್ಯವಾಗಿಲ್ಲ. ಮರಗಳ ಪಕ್ಷ ವಹಿಸಿ ಹೇಳುವುದಾದರೆ, ಹೊಸ ಏರ್ಪಾಡು ಕೆಟ್ಟದ್ದೇನಲ್ಲ.

ಮೈಲಾಪುರದ ಲಸ್ ಬಳಿಯ ನಾಗೇಶ್ವರರಾವ್ ಪಾರ್ಕಿನಲ್ಲಿ ನೆರೆಯವರ ಒಡೆತನ ಇನ್ನೊಂದು ರೂಪ ತಾಳಿದೆ. ಆಂಧ್ರಪತ್ರಿಕೆಯ ಸ್ಥಾಪಕರೂ, ನಮ್ಮ ಅಜ್ಜಿಯರ ತಲೆನೋವಿಗೆ ಅಮೃತಾಂಜನವನ್ನು ಒದಗಿಸಿದವರೂ ಆದ ಕಾಶೀನಾಥುನಿ ನಾಗೇಶ್ವರರಾವ್ ಪಂತುಲುಗಳ ಹೆಸರಿನ ಆ ತೋಟವು ನಗರಸಭೆಯದಾದರೂ, ಅದರ ಪೋಷಣೆಯ ಹೊಣೆಯನ್ನು ಸುಂದರಂ ಫೈನಾನ್ಸ್ ಸಂಸ್ಥೆಯು ವಹಿಸಿಕೊಂಡಿದೆ. ಬೆಳಗಿನ ಝಾವದಿಂದಲೇ ಪ್ರದಕ್ಷಿಣೆ ಹಾಕುವ ವೃದ್ಧರು, ಚದುರಂಗದವರು, ಶಟಲ್ ಆಡುವವರು. ತಿಂಗಳಿಗೊಂದು ಭಾನುವಾರ ಮೈಕಿಲ್ಲದೆ ಎಳೆಯ ಮಕ್ಕಳ ಕಚೇರಿ. ತೋಡಿಯನ್ನೋ ಕಾಂಭೋಜಿಯನ್ನೋ ತಡವರಿಸುತ್ತ ಹಾಡುವ ಹುಡುಗಿಗೆ ಕಾಗೆಗಳ ಪಕ್ಕವಾದ್ಯ ಸಿಕ್ಕರೂ, ನಡಿಗೆ ನಿಲ್ಲಿಸಿ ತಲೆದೂಗುವ ಶ್ರೋತೃಗಳಿಗೆ ಅಲ್ಲಿ ಕೊರತೆಯಿಲ್ಲ.

ಈ ಎಲ್ಲ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಅವು ಬಹುಮಟ್ಟಿಗೆ ಪಟ್ಟಣದ ದಕ್ಷಿಣಾರ್ಧದಲ್ಲಿಯೇ ಬೀಳುತ್ತವೆ. ವಿದ್ಯೆಯೂ ಬಿಡುವೂ ಕೋರ್ಟಿಗೆ ಹೋಗುವ ತ್ರಾಣವೂ ಇರುವ ಜನರು ಅಲ್ಲಿ ವಾಸಿಸುತ್ತಾರೆ. ಉತ್ತರದ ತುದಿಯ ಎಣ್ಣೂರಿನಲ್ಲಿ ಕೊಸಸ್ತಲೈ ನದಿಯ ಅಳಿವೆಯು ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯಿಂದ ಹೂಳುತ್ತಿದೆ. ಸಿಗಡಿಯೂ ಏಡಿಯೂ ಸಿಗುತ್ತಿದ್ದ ಆ ನೀರನ್ನು ಉಳಿಸಲು ಅಲ್ಲಿನ ಮೀನುಗಾರರು ವರ್ಷಗಳಿಂದ ಅರ್ಜಿ, ಧರಣಿ, ವ್ಯಾಜ್ಯಗಳಲ್ಲಿ ಸವೆಯುತ್ತಿದ್ದಾರೆ. ಅವರನ್ನು ಉದ್ಯಾನಪ್ರೇಮಿಗಳೆಂದು ಯಾರೂ ಕರೆಯುವುದಿಲ್ಲ, ಅವರ ಅಳಿವೆಯನ್ನು ದತ್ತು ತೆಗೆದುಕೊಳ್ಳಲು ಯಾವ ಸಂಸ್ಥೆಯೂ ಮುಂದೆ ಬರುವುದಿಲ್ಲ. ಮೈಲಾಪುರದ ಸಭೆಗಳಲ್ಲಿ ಹೆಸರಾದ ಗಾಯಕ ಟಿ.ಎಂ. ಕೃಷ್ಣ ಅವರು 2017ರ ಜನವರಿಯಲ್ಲಿ ಈ ಅಳಿವೆಯ ಬೂದಿಯ ನಡುವೆ ನಿಂತು, ಆಡುಮಾತಿನ ತಮಿಳಿನ ‘ಪೊರಂಬೋಕು’ (ಊರಿಗೆಲ್ಲ ಸೇರಿದ ನೆಲ) ಹಾಡನ್ನು ಕರ್ನಾಟಕ ಸಂಗೀತದ ರಾಗಗಳಲ್ಲಿ ಹಾಡಿದರು. ಹಾಡು ದಕ್ಷಿಣದ ಮನೆಮನೆಗಳಲ್ಲಿ ಕೇಳಿಬಂದಿತು; ಆಮೇಲೆ ಅಳಿವೆಯನ್ನು ನೋಡಲೆಂದೇ ಅಲ್ಲಿಂದ ಕೆಲವರು ಎಣ್ಣೂರಿಗೆ ಹೋಗತೊಡಗಿದರು.