ಶ್ಲೇಷೆಯೂ ಪನ್ನೂ

ಇಂಗ್ಲಿಷಿನ ಸಿಮಿಲಿ ನಮ್ಮ ಉಪಮೆ, ಮೆಟಫರ್ ನಮ್ಮ ರೂಪಕ, ಹೈಪರ್ಬೊಲಿ ಅತಿಶಯೋಕ್ತಿ. ದಾವಣಗೆರೆಯ ನನ್ನ ತರಗತಿಯಲ್ಲಿ ಹೀಗೆ ಜೋಡಿ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ಪನ್ ಅಂದರೆ ಶ್ಲೇಷೆಯೇ ಅಲ್ಲವೆ, ಸಾರ್?" ಎಂದಳು. ಹೌದೆಂದು ಹೇಳಿ ಮುಂದೆ ಸಾಗಿದೆ. ಪರೀಕ್ಷೆಗೆ ಅಷ್ಟು ಸಾಕು. ಆ ಉತ್ತರ ಸಾಲದೆಂದು ತೋರಿದ್ದು ಅದೇ ವಾರ ಹರಿಹರಕ್ಕೆ ಹೋದಾಗ.

ಅಲ್ಲಿಯ ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ನಿಂತ ಮೂರ್ತಿ ಮಾತ್ರ ಒಂದೇ. ಶ್ಲೇಷವೆಂದರೆ ಅಪ್ಪುಗೆ. ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಅಪ್ಪಿ ನಿಲ್ಲುವುದೇ ಆ ಅಲಂಕಾರ. ಈ ಮೂರ್ತಿಯ ಮುಂದೆ ಯಾರೂ ನಗುವುದಿಲ್ಲ, ಕೈಮುಗಿಯುತ್ತಾರೆ.

ನಮ್ಮ ಹಿಂದಿನವರು ಶ್ಲೇಷೆಯನ್ನು ಅಷ್ಟೇ ಗಂಭೀರವಾಗಿ ಕಂಡರು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ, ದಂಡಿಯ 'ಕಾವ್ಯಾದರ್ಶ'ದ ಜಾಡಿನಲ್ಲಿ 'ಕವಿರಾಜಮಾರ್ಗ'ವನ್ನು ರಚಿಸಿ, ಅದರ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೇ ಮೀಸಲಿಟ್ಟ. ಪೋಲಾಳ್ವನ ಕಾಲಕ್ಕೆ ತುಸು ಮೊದಲು, ಕದಂಬ ಕಾಮದೇವನ ಆಶ್ರಯದಲ್ಲಿದ್ದ ಕವಿರಾಜನೆಂಬಾತ ಸಂಸ್ಕೃತದಲ್ಲಿ 'ರಾಘವಪಾಂಡವೀಯ' ಬರೆದ. ಒಂದು ಬಗೆಯಲ್ಲಿ ಪದ ಬಿಡಿಸಿದರೆ ರಾಮನ ಕಥೆ. ಇನ್ನೊಂದು ಬಗೆಯಲ್ಲಿ ಬಿಡಿಸಿದರೆ, ಅದೇ ಪದ್ಯಗಳಲ್ಲಿ ಪಾಂಡವರ ಕಥೆ!

ಇಂಗ್ಲಿಷಿನ ಪನ್ನೂ ಹುಟ್ಟಿನಿಂದ ಹಗುರವಾದುದಲ್ಲ. 1631ರಲ್ಲಿ ತೀರಿಕೊಂಡ ಜಾನ್ ಡನ್, ದೇವರಲ್ಲಿ ಕ್ಷಮೆ ಬೇಡುವ ಪದ್ಯದಲ್ಲಿಯೇ ತನ್ನ ಹೆಸರನ್ನು ಶ್ಲೇಷಿಸಿದ್ದಾನೆ. ಷೇಕ್ಸ್‌ಪಿಯರನ ಮರ್ಕ್ಯೂಷಿಯೋ ಇರಿತಕ್ಕೆ ಸಿಕ್ಕಿ ಸಾಯುತ್ತ, ಗೋರಿಗೂ ಗಂಭೀರನಿಗೂ ಸಲ್ಲುವ 'ಗ್ರೇವ್' ಎಂಬ ಒಂದೇ ಮಾತಿನಿಂದ ತನ್ನ ಸಾವನ್ನು ಸೂಚಿಸುತ್ತಾನೆ. ಆದರೆ ರುಚಿ ಬದಲಾಯಿತು. 1765ರಲ್ಲಿ ಡಾಕ್ಟರ್ ಜಾನ್ಸನ್, ಈ ಚಪಲವೇ ಷೇಕ್ಸ್‌ಪಿಯರನ ದೊಡ್ಡ ದೌರ್ಬಲ್ಯವೆಂದು ಜರೆದ. ಪನ್ ಬರಬರುತ್ತ ನಗೆಮಾತಾಯಿತು.

ಅಲಂಕಾರದ ಹೆಸರನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಒಯ್ಯುವುದು ಸುಲಭ. ಅದು ಕೇಳುವವನ ಮೇಲೆ ಮಾಡುವ ಪರಿಣಾಮವನ್ನು ಒಯ್ಯುವುದು ಕಷ್ಟ. ಆ ಪರಿಣಾಮ ಕಾಲದ ಕಿವಿಯನ್ನು ಅವಲಂಬಿಸಿದೆ. ನಮ್ಮ ಕಿವಿಯೂ ಬದಲಾಗಿದೆಯೆಂಬುದೇ ನನ್ನ ಚಿಂತೆ. ಇಂದು 'ದ್ವಂದ್ವಾರ್ಥ' ಎಂದೊಡನೆ ನೆನಪಾಗುವುದು ಸಿನಿಮಾದ ಪೋಲಿ ಮಾತು, ಕಾವ್ಯವಲ್ಲ.

ಮರುವಾರ ತರಗತಿಯಲ್ಲಿ ನನ್ನ ಉತ್ತರವನ್ನು ತಿದ್ದಿದೆ: "ಪನ್ ಮತ್ತು ಶ್ಲೇಷೆ ದಾಯಾದಿಗಳಮ್ಮ. ಮೂಲ ಒಂದೇ ಇರಬಹುದು, ಮನೆತನ ಬೇರೆ." ಹುಡುಗಿ ಬರೆದುಕೊಂಡು, ತಲೆಯೆತ್ತಿ ಕೇಳಿದಳು: "ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ, ಸಾರ್?"