ಓದಿಸುವವನ ಓದು

ಚಾಮರಾಜನಗರ ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಹರದನಹಳ್ಳಿಯನ್ನು ಇಂದು ಕಾಣಬಂದವರು, ದಿವ್ಯಲಿಂಗೇಶ್ವರ ದೇವಾಲಯದ ಗೋಪುರವನ್ನು ನೋಡಿ, ಇದು ಒಂದಾನೊಂದು ಕಾಲಕ್ಕೆ ಸಂಪನ್ನವಾದ ಊರಾಗಿದ್ದಿರಬೇಕೆಂದು ಊಹಿಸುವರಲ್ಲದೆ, ಕನ್ನಡನಾಡಿನ ವಿದ್ಯಾಚರಿತ್ರೆಯಲ್ಲಿ ಇದಕ್ಕೆ ಸಲ್ಲತಕ್ಕ ಸ್ಥಾನವೊಂದುಂಟೆಂಬುದನ್ನು ನೆನೆಯುವುದು ಅಪರೂಪ. ಗೋಸಲ ಚನ್ನಬಸವೇಶ್ವರರ ಗುರುಪೀಠವಿದ್ದುದು ಇಲ್ಲಿ. ಅವರಿಂದ ಉಪದೇಶವನ್ನು ಹೊಂದಿ, ಅವರ ತರುವಾಯ ಆ ಪೀಠಕ್ಕೆ ಬಂದ ಸಿದ್ಧಲಿಂಗ ಯತಿಗಳು ಹುಟ್ಟಿದುದೂ ಇದೇ ಊರಿನಲ್ಲೆಂದು ಪರಂಪರೆ ಹೇಳುತ್ತದೆ. ಏಳುನೂರೊಂದು ಮಂದಿ ವಿರಕ್ತರೊಡನೆ ದೇಶಸಂಚಾರ ಮಾಡಿ, ಕಗ್ಗೆರೆಯ ತೋಟದಲ್ಲಿ ಅನುಷ್ಠಾನಕ್ಕೆ ಕುಳಿತು, ತೋಂಟದ ಸಿದ್ಧಲಿಂಗರೆಂದು ಪ್ರಖ್ಯಾತರಾಗಿ, ಕುಣಿಗಲು ಸೀಮೆಯ ಯಡಿಯೂರಿನಲ್ಲಿ ಸಮಾಧಿಯನ್ನು ಪಡೆದ ಆ ಮಹನೀಯರು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದರು, ಶೂನ್ಯಸಂಪಾದನೆಯ ಪರಿಷ್ಕರಣಗಳಲ್ಲಿ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳದೂ ಗೂಳೂರು ಸಿದ್ಧವೀರಣ್ಣೊಡೆಯರದೂ ಅವರ ಶಿಷ್ಯಪರಂಪರೆಯಿಂದಲೇ ಬಂದುವು.

ಆ ಕಾಲದ ವಿದ್ಯಾಕ್ರಮದಲ್ಲಿ ನಮ್ಮ ಪ್ರಸ್ತುತ ವಿಚಾರಕ್ಕೆ ಬೇಕಾದುದು ಒಂದೇ ಅಂಶ. ಬೋಧಿಸುವವನು ತಾನೂ ಓದುತ್ತಲೇ ಇರುವನೆಂಬುದು ಅಲ್ಲಿ ಸಹಜವಾಗಿತ್ತು; ಉಪದೇಶಿಸುವ ಪೀಠ ಒಂದೆಡೆ, ಮೇಲಣ ವಿದ್ಯೆಯ ಸ್ಥಾನ ಇನ್ನೊಂದೆಡೆ ಎಂಬ ವಿಭಾಗವೇ ಇರಲಿಲ್ಲ. ಯಾವ ಶಾಸ್ತ್ರವನ್ನು ಓದಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಯಾರ ಬಳಿ ಓದಬೇಕೆಂಬುದು ನಿಶ್ಚಯವಾದರೆ ಶಾಸ್ತ್ರ ತಾನಾಗಿ ಹಿಂಬಾಲಿಸುತ್ತಿತ್ತು. ಆದರೆ ಈ ಸೌಕರ್ಯ ವಿರಕ್ತರಿಗೆ ಮಾತ್ರ ಲಭ್ಯವಾಗಿದ್ದುದನ್ನು ಮರೆಯಬಾರದು. ಹೆಂಡಿರು ಮಕ್ಕಳನ್ನು ಸಾಕುತ್ತ, ಊರಿನವರು ಕೊಟ್ಟ ಕಾಳುಕಡ್ಡಿಯಿಂದ ಬದುಕುತ್ತ, ಕೂಲಿಮಠದ ಜಗಲಿಯಲ್ಲಿ ಮಕ್ಕಳಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ದೇಶಸಂಚಾರವೆಲ್ಲಿಂದ ಬರಬೇಕು? ತಂದೆಯಿಂದ ಕಲಿತ ಅಮರವನ್ನೂ ಜೈಮಿನಿಯನ್ನೂ ಮಗನು ಕಲಿಸುವನು. ಅಲ್ಲಿಗೆ ಅವರ ಉನ್ನತ ವಿದ್ಯಾಭ್ಯಾಸ ಮುಗಿಯಿತು. ವಿದ್ಯೆಯ ಬಯಕೆಗಿಂತ ವಿದ್ಯೆಯ ದಾರಿ ದುರ್ಲಭವಾಗಿದ್ದ ಈ ಸ್ಥಿತಿ, ವೇಷವನ್ನು ಬದಲಾಯಿಸುತ್ತ ಬದಲಾಯಿಸುತ್ತ, ನಮ್ಮ ದಿನಗಳವರೆಗೂ ನಡೆದು ಬಂದಿದೆಯೆಂಬುದೇ ನಾನು ಇಲ್ಲಿ ಹೇಳಹೊರಟಿರುವ ಮಾತು.

ಅರಿಕುಠಾರವೆಂಬ ಹಳೆಯ ಹೆಸರಿನ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ, ಅವರ ತಂದೆಯವರ ನೆನಪಿಗೆ, ಚಾಮರಾಜನಗರವಾಯಿತು. ಅರ್ಧಶತಮಾನ ಕಳೆದ ಮೇಲೆ, 1868ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆ ರೂಪುಗೊಂಡಿತು. ಹಳೆಯ ಐಗಳನ್ನೇ ಆಯ್ದು, ನಾರ್ಮಲ್ ಶಾಲೆಯಲ್ಲಿ ಕೆಲವು ಕಾಲ ಶಿಕ್ಷಣವಿತ್ತು, ಮತ್ತೆ ಅವರವರ ಊರುಗಳಿಗೆ ಕಳುಹಿಸುವ ಅದರ ಉಪಾಯ ಬಹಳ ವಿವೇಕದ್ದೆಂದು ನನಗೆ ತೋರುತ್ತದೆ. ಕೆಲಸದಲ್ಲಿರುವ ಉಪಾಧ್ಯಾಯನಿಗೆ ಸರಕಾರವೇ ಓದಿನ ಅವಕಾಶವನ್ನು ಕಲ್ಪಿಸಿದ ಮೊದಲ ಪ್ರಯತ್ನಗಳಲ್ಲಿ ಇದನ್ನು ಎಣಿಸಬೇಕು. ಆ ಯೋಜನೆಯೊಡನೆ ಹೆಸರು ಸೇರಿರುವ ಬಿ. ಎಲ್. ರೈಸರು ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಲ್ಲುಗಳ ಮೇಲಿನ ಬರಹಕ್ಕೆ ಮನಸೋತು, ಕಡೆಗೆ ಶಾಸನಗಳ ಮಹಾಸಂಪುಟಗಳನ್ನೇ ಹೊರತಂದರು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳ ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟ ಪ್ರಕಟವಾದುದು 1898ರಲ್ಲಿ. ವಿದ್ಯಾ ಇಲಾಖೆಯ ಪ್ರವಾಸಭತ್ಯ ಇದಕ್ಕಿಂತ ಸಾರ್ಥಕವಾಗಿ ವ್ಯಯವಾದುದನ್ನು ನಾನಂತೂ ಕೇಳಿಲ್ಲ.

ರೈಸರ ತರುವಾಯ ಪ್ರಾಕ್ತನ ವಿಮರ್ಶ ಇಲಾಖೆಯ ಭಾರವನ್ನು ಹೊತ್ತ ಆರ್. ನರಸಿಂಹಾಚಾರ್ಯರು ಉಪಾಧ್ಯಾಯ ವೃತ್ತಿಯಿಂದ ಮೇಲೆ ಬಂದವರು; ಕನ್ನಡದಲ್ಲಿ ಎಂ.ಎ. ಪದವಿಯನ್ನು ಗಳಿಸಿದ ಮೊದಲಿಗರೆಂಬ ಕೀರ್ತಿಯೂ ಅವರದೇ. ಅದನ್ನು ಕೊಟ್ಟುದು ಮೈಸೂರಲ್ಲ, ಮದರಾಸು. 1916ರವರೆಗೆ ಸಂಸ್ಥಾನದ ಕಾಲೇಜುಗಳೆಲ್ಲವೂ ಆ ವಿಶ್ವವಿದ್ಯಾನಿಲಯಕ್ಕೇ ಅಧೀನವಾಗಿದ್ದುವು. ಕನ್ನಡಕ್ಕೆ ಪ್ರಾಧ್ಯಾಪಕರೂ ಸಾಹಿತ್ಯಚರಿತ್ರೆಯೂ ಇಲ್ಲದ ಕಾಲದಲ್ಲಿ ಕನ್ನಡವನ್ನೇ ಆರಿಸಿಕೊಂಡು, ಓದಲು ಇಲ್ಲದ ಸಾಹಿತ್ಯಚರಿತ್ರೆಯನ್ನು ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಾಗಿ ತಾವೇ ಬರೆದು ಮುಂದಿನ ಎಂ.ಎ. ವಿದ್ಯಾರ್ಥಿಗಳಿಗೆ ಒದಗಿಸಿದ ಅವರ ಉದ್ಯಮವನ್ನು ನೆನೆದರೆ, ವಿಷಯದ ಆಯ್ಕೆಯೆಂಬುದು ಕೆಲವರಿಗಾದರೂ ಜೀವಿತದ ಆಯ್ಕೆಯಾಗಿತ್ತೆಂದು ಒಪ್ಪಬೇಕಾಗುತ್ತದೆ. ಮೈಸೂರಿನ ನಾರ್ಮಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದು ಅನಂತರ ಮಹಾರಾಜಾ ಕಾಲೇಜಿಗೆ ಬಂದು, ಭಾರತೀಯ ದರ್ಶನಗಳ ಮೇಲೆ ಲೋಕವೇ ಮನ್ನಿಸಿದ ಗ್ರಂಥವನ್ನು ಬರೆದ ಎಂ. ಹಿರಿಯಣ್ಣನವರ ಹೆಸರನ್ನೂ ಇದೇ ಸಾಲಿನಲ್ಲಿ ಸೇರಿಸಬಹುದು. ಇವರು ಅಸಾಧಾರಣರು. ಸಾಧಾರಣನಾದ ಹೋಬಳಿ ಮೇಷ್ಟರ ಕಥೆ ಬೇರೆ.

1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯವಾಯಿತು. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಎಂ.ಎ. ತರಗತಿಯೂ ಆರಂಭವಾಗಿ, ಡಿ. ಎಲ್. ನರಸಿಂಹಾಚಾರ್ಯರು, ಕುವೆಂಪು ಮೊದಲಾದವರು ಅದರ ಮೊದಮೊದಲ ವಿದ್ಯಾರ್ಥಿಗಳಾದರು. ಅದರ ನಡುವೆ, 1926ರಲ್ಲಿ, ನಂಜನಗೂಡಿನವರೆಗೆ ಬಂದು ನಿಂತಿದ್ದ ರೈಲುಹಾದಿ ಚಾಮರಾಜನಗರವನ್ನು ಮುಟ್ಟಿತು. ವಿದ್ಯೆಯೂ ವಾಹನವೂ ಏಕಕಾಲದಲ್ಲಿ ಹತ್ತಿರ ಬಂದಂತಾಯಿತೆಂದು ಹೊರಗಿನವರಿಗೆ ತೋರಬಹುದು. ವಾಸ್ತವದಲ್ಲಿ ಸ್ನಾತಕೋತ್ತರ ತರಗತಿಯು ಹಗಲು ನಡೆಯುವುದು, ಹಾಜರಿಯನ್ನು ಬೇಡುವುದು, ಮೈಸೂರಿನಲ್ಲಿ ವಾಸವನ್ನು ಅಪೇಕ್ಷಿಸುವುದು. ಶಾಲೆಯೂ ಹಗಲೇ ನಡೆಯುವುದು. ಎರಡು ವರ್ಷ ಸಂಬಳವಿಲ್ಲದ ರಜೆಯನ್ನು ಹಾಕಿ, ಮೈಸೂರಿನಲ್ಲಿ ಕೊಠಡಿ ಹಿಡಿದು ಓದಬಲ್ಲ ಮೇಷ್ಟರಿಗೆ ಊರಿನಲ್ಲಿ ಜಮೀನಿರಬೇಕಾಗಿತ್ತು, ಅಥವಾ ಸಹಿಷ್ಣುವಾದ ಮಾವನಿರಬೇಕಾಗಿತ್ತು.

ಈ ಅಡಚಣೆಯಿಂದಲೇ, ಪದವಿಯ ಬಾಗಿಲು ಮುಚ್ಚಿದ್ದ ಉಪಾಧ್ಯಾಯರು ಪಕ್ಕದ ಬಾಗಿಲುಗಳನ್ನು ಹುಡುಕಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳು, ಸಂಸ್ಕೃತದ ವಿದ್ವತ್ ಪರೀಕ್ಷೆ, ಹಿಂದಿ ಪ್ರಚಾರ ಸಭೆಯ ಪ್ರವೀಣ, ಇವುಗಳ ಪ್ರಮಾಣಪತ್ರಗಳು ನಮ್ಮ ಹಳೆಯ ಮೇಷ್ಟರ ಮನೆಗಳ ಟ್ರಂಕುಗಳಲ್ಲಿ ಇಂದಿಗೂ ದೊರೆಯುತ್ತವೆ. ಲಾಂದ್ರದ ಬೆಳಕಿನಲ್ಲಿ ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿ ‘ಜಾಣ’ನಾದ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಹಳಗನ್ನಡದಲ್ಲಿದ್ದ ಹಿಡಿತವು, ಮುಂದೆ ಅಂಚೆಯ ಪಾಠಗಳನ್ನು ಓದಿ ಎಂ.ಎ. ಆದವರೆಲ್ಲರಿಗೂ ಇತ್ತೆಂದು ಹೇಳಲು ಧೈರ್ಯ ಸಾಲದು.

1960ರಲ್ಲಿ, ಕುವೆಂಪು ಅವರಿಂದ ಮಾನಸಗಂಗೋತ್ರಿಯೆಂದು ಹೆಸರಿಡಿಸಿಕೊಂಡ ಸ್ನಾತಕೋತ್ತರ ಕೇಂದ್ರ ಮೈಸೂರಿನಲ್ಲಿ ತಲೆಯೆತ್ತಿತು. 1963ರಲ್ಲಿ ಅದರ ನೆರೆಯಲ್ಲೇ ಪ್ರಾದೇಶಿಕ ಶಿಕ್ಷಣ ಕಾಲೇಜು ಬಂದು, ಬೇಸಗೆಯ ರಜೆಯಲ್ಲಿ ತರಗತಿ, ಉಳಿದ ತಿಂಗಳುಗಳಲ್ಲಿ ಅಂಚೆಯ ಪಾಠ ಎಂಬ ಕ್ರಮದಿಂದ ಕೆಲಸದಲ್ಲಿದ್ದ ಉಪಾಧ್ಯಾಯರಿಗೆ ಬಿ.ಎಡ್. ಮಾಡಿಸತೊಡಗಿತು. ಆದರೆ ನಮ್ಮ ಸೀಮೆಯ ಉಪಾಧ್ಯಾಯ ವರ್ಗದ ಪಾಲಿಗೆ ನಿಜವಾದ ಪರಿವರ್ತನೆಯ ವರ್ಷ 1969. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಭಾರತಕ್ಕೆ ತೋರಿಸಿಕೊಟ್ಟಿದ್ದ ಮಾರ್ಗದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣ ಸಂಸ್ಥೆಯನ್ನು ಅಂದು ತೆರೆಯಿತು. ಜನರ ಬಾಯಲ್ಲಿ ಅದು ‘ಕರೆಸ್ಪಾಂಡೆನ್ಸ್’. ಅಂಚೆಯವನು ಸೈಕಲ್ಲಿನಲ್ಲಿ ತಂದು ಶಾಲೆಯ ಬಾಗಿಲಲ್ಲೇ ಕೊಡುತ್ತಿದ್ದ ಪಾಠಗಳ ಕಟ್ಟುಗಳನ್ನು, ಸಂಜೆ ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದಿ ಮುಗಿಸಿದ ಮೇಲೆ ಬಿಚ್ಚಿ, ಕಾವ್ಯಮೀಮಾಂಸೆಯನ್ನೋ ವಿಜಯನಗರದ ಆಡಳಿತವನ್ನೋ ಓದುವುದು. ದಸರೆಯ ರಜೆಗೋ ಬೇಸಗೆಯ ರಜೆಗೋ ಸಂಪರ್ಕ ತರಗತಿಗೆಂದು ಮೈಸೂರಿಗೆ ಹೋಗಿ ನೆಂಟರ ಮನೆಯ ಹಜಾರದಲ್ಲಿ ಮಲಗುವುದು. ಪರೀಕ್ಷೆಯ ಮುನ್ನ ಗಳಿಕೆ ರಜೆಯನ್ನು ಮುಖ್ಯೋಪಾಧ್ಯಾಯರ ಮರ್ಜಿ ನೋಡಿ ಕೇಳುವುದು. ಇವೆಲ್ಲ ಸೇರಿ ಒಂದು ತಲೆಮಾರಿನ ಜೀವನಕ್ರಮವಾದುವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಬಸ್ಸು ಕಾಣದ ಶಾಲೆಗಳಲ್ಲಿ ಇದ್ದವರಿಗೆ ಈ ಕಟ್ಟುಗಳು ತಡವಾಗಿ ತಲಪುತ್ತಿದ್ದುವು. ಉಪಾಧ್ಯಾಯಿನಿಯರಿಗಂತೂ, ಮದುವೆಯಾದ ಮೇಲೆ ಮೈಸೂರಿನಲ್ಲಿ ಎರಡು ವರ್ಷ ಇದ್ದು ಓದುವ ಮಾತೇ ಏಳದ ಮನೆಗಳಿಂದ ಬಂದವರಿಗೆ, ಈ ವ್ಯವಸ್ಥೆ ಮಾಡಿದಷ್ಟು ಉಪಕಾರವನ್ನು ಬೇರಾವುದೂ ಮಾಡಲಿಲ್ಲವೆಂದು ನನ್ನ ಎಣಿಕೆ.

ವಿಷಯವನ್ನು ಆರಿಸುವ ಪ್ರಶ್ನೆ ಹುಟ್ಟಿದುದೂ ಆಗಲೇ. ಎಪ್ಪತ್ತರ ದಶಕದ ಆರಂಭದಲ್ಲಿ ಎರಡು ವರ್ಷದ ಪಿ.ಯು.ಸಿ. ಜಾರಿಗೆ ಬಂದು, ತಾಲ್ಲೂಕು ಕೇಂದ್ರಗಳ ಪ್ರೌಢಶಾಲೆಗಳು ಜೂನಿಯರ್ ಕಾಲೇಜುಗಳಾಗುತ್ತ ಹೋದಂತೆ, ಎಂ.ಎ. ಎಂಬುದು ಅಲಂಕಾರವಾಗಿ ಉಳಿಯದೆ ಬಡ್ತಿಯ ಸೋಪಾನವಾಯಿತು. ಸ್ನಾತಕೋತ್ತರ ಪದವಿಯಿಲ್ಲದವನು ಉಪನ್ಯಾಸಕನಾಗುವಂತಿರಲಿಲ್ಲ, ಮುಂದೆ ಅದರಲ್ಲಿ ಶೇಕಡ 55 ಅಂಕಗಳೂ ಬೇಕೆಂಬ ನಿಯಮವಾಯಿತು. ಪ್ರಯೋಗಶಾಲೆಯನ್ನು ಬೇಡುವ ಭೌತಶಾಸ್ತ್ರ ರಸಾಯನಶಾಸ್ತ್ರಗಳು ಅಂಚೆಯ ಚೀಲದಲ್ಲಿ ಬರುವಂಥವಲ್ಲ. ಅದರಿಂದ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳೇ ಗತಿಯಾದುವು. ಹಗಲೆಲ್ಲ ಗಣಿತವನ್ನೋ ವಿಜ್ಞಾನವನ್ನೋ ಕಲಿಸುವ ಮೇಷ್ಟರು ರಾತ್ರಿ ಇತಿಹಾಸದ ಎಂ.ಎ. ಓದುವ ವೈಚಿತ್ರ್ಯ ಸಾಮಾನ್ಯವಾಯಿತು. ಕನ್ನಡ ಸುಲಭವೆಂದೂ, ಇತಿಹಾಸ ಬರೆದಷ್ಟೂ ಅಂಕವೆಂದೂ, ಇಂಗ್ಲಿಷಿನಲ್ಲಿ ಪಾಸಾಗುವುದು ಕಷ್ಟ ಆದರೆ ಪಾಸಾದವನಿಗೆ ಕೆಲಸ ಖಂಡಿತವೆಂದೂ ಸ್ಟಾಫ್ ರೂಮುಗಳಲ್ಲಿ ಒಂದು ಲೋಕಶಾಸ್ತ್ರವೇ ಬೆಳೆಯಿತು. ಉಪಾಧ್ಯಾಯನು ವಿಷಯವನ್ನು ಆರಿಸಿಕೊಂಡನೆಂಬುದಕ್ಕಿಂತ, ರಜೆಯೂ ರಸ್ತೆಯೂ ಬಡ್ತಿಯ ನಿಯಮವೂ ಕೂಡಿ ಅವನಿಗಾಗಿ ಆರಿಸಿದುವೆಂಬುದೇ ಹೆಚ್ಚು ನಿಜ. ಇದನ್ನು ಹೇಳಿ ಮೇಷ್ಟರನ್ನು ಹಳಿಯುವವರುಂಟು. ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರಲೆಂದೇ ಓದಲು ಕುಳಿತವನು, ಓದುತ್ತ ಓದುತ್ತ ಪಂಪನಿಗೆ ಮರುಳಾದ ಉದಾಹರಣೆಗಳು ನಾನು ಬಲ್ಲ ಶಾಲೆಗಳಲ್ಲಿಯೇ ಇರುವುದರಿಂದ ಆ ಹಳಿಯುವಿಕೆಗೆ ನಾನು ದನಿಗೂಡಿಸಲಾರೆ.

1996ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ, ಮುಕ್ತಗಂಗೋತ್ರಿಯಲ್ಲಿ ನೆಲೆಗೊಂಡಿತು. ಮರುವರ್ಷವೇ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಆ ಮುಕ್ತ ವಿಶ್ವವಿದ್ಯಾನಿಲಯಕ್ಕೆ, ರಾಜ್ಯದ ಎಲ್ಲೆಯನ್ನು ಮೀರಿ ಹೊರಗಿನ ಸಂಸ್ಥೆಗಳೊಡನೆ ಸೇರಿ ನಡೆಸಿದ ಶಿಕ್ಷಣಕ್ರಮಗಳ ಕಾರಣದಿಂದ, ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ತಪ್ಪಿಹೋದುದು 2015ರಲ್ಲಿ. ಇಲಾಖೆಯ ಅನುಮತಿಯನ್ನು ಕ್ರಮವಾಗಿ ಪಡೆದು, ಶುಲ್ಕ ಕಟ್ಟಿ, ಮೈಸೂರಿನ ಸಂಪರ್ಕ ತರಗತಿಗಳಿಗೆ ಶ್ರದ್ಧೆಯಿಂದ ಹೋಗುತ್ತಿದ್ದ ಉಪಾಧ್ಯಾಯನಿಗೂ ಆ ದೂರದೂರದ ವ್ಯವಹಾರಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ತನ್ನ ಪದವಿ ಸಲ್ಲುವುದೋ ಸಲ್ಲದೋ ಎಂಬ ಸಂಶಯವನ್ನು ಅವನೇ ಹೊರಬೇಕಾಯಿತು. 2018ರಲ್ಲಿ ಮಾನ್ಯತೆ ಮರಳಿತು. ಅಲ್ಲಿಂದೀಚೆಗೆ ನಮ್ಮ ಕಡೆಯ ಮೇಷ್ಟರು ವಿಷಯ ಯಾವುದೆಂದು ಕೇಳುವ ಮುನ್ನ ಮಾನ್ಯತೆ ಎಲ್ಲಿಯವರೆಗೆ ಎಂದು ಕೇಳುತ್ತಾರೆ, ಅದು ತಪ್ಪಲ್ಲ.

ಇಷ್ಟರಲ್ಲಿ ಚಾಮರಾಜನಗರದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದು ಸುವರ್ಣಗಂಗೋತ್ರಿಯೆಂಬ ಹೆಸರಿನಿಂದ ಏರ್ಪಟ್ಟು, 2023ರಲ್ಲಿ ಅದುವೇ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. ಮದರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಹರದನಹಳ್ಳಿಯ ಮಗ್ಗುಲಿಗೆ ಎಂ.ಎ. ಬಂದು ನಿಂತಿದೆ. ಆದರೆ ತರಗತಿಗಳು ನಡೆಯುವುದು ಮತ್ತೆ ಹಗಲಿನಲ್ಲಿಯೇ. ಹರದನಹಳ್ಳಿಯ ಶಾಲೆಯ ಗಂಟೆಯೂ ವಿಶ್ವವಿದ್ಯಾನಿಲಯದ ಗಂಟೆಯೂ ಒಂದೇ ಹೊತ್ತಿಗೆ ಹೊಡೆಯುವುದರಿಂದ, 1927ರ ಮೇಷ್ಟರಿಗೆ ಮೈಸೂರು ಎಷ್ಟು ದೂರವಾಗಿತ್ತೋ 2023ರ ಮೇಷ್ಟರಿಗೆ ಈ ನೆರೆಯ ವಿಶ್ವವಿದ್ಯಾನಿಲಯವೂ ಅಷ್ಟೇ ದೂರ. ದೂರಶಿಕ್ಷಣದ ಪದವಿಯು ನೇರ ತರಗತಿಯ ಪದವಿಗೆ ಸಮಾನವೆಂದು ಅನುದಾನ ಆಯೋಗ 2022ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಅವರು ವಿವೇಕವನ್ನು ಬಳಸಿ ಮುಕ್ತಗಂಗೋತ್ರಿಗೇ ಅರ್ಜಿ ಹಾಕುತ್ತಾರೆ.

ಸಂಜೆಯ ತರಗತಿಗಳನ್ನೂ ಭಾನುವಾರದ ತರಗತಿಗಳನ್ನೂ ಕೆಲಸದಲ್ಲಿರುವ ಉಪಾಧ್ಯಾಯರಿಗಾಗಿ ನಡೆಸುವ ಯೋಚನೆ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಬರುವುದಾದರೆ, ಅದಕ್ಕೆ ಬೇಕಾದ ಅಧ್ಯಯನ ಸಾಮಗ್ರಿ ಹತ್ತಿರದಲ್ಲೇ ಹೇರಳವಾಗಿದೆ: ಗೋಸಲ ಪರಂಪರೆಯ ಸಾಹಿತ್ಯ, ರೈಸರು ಓದಿದ ಶಾಸನಗಳು, ‘ರಾಜಾವಳೀ ಕಥೆ’ಯ ದೇವಚಂದ್ರನ ಮಲೆಯೂರಿನ ಕನಕಗಿರಿ, ತೆರಕಣಾಂಬಿಯ ಹಳೆಯ ದೇಗುಲಗಳು, ಇವುಗಳಲ್ಲಿ ಒಂದೊಂದನ್ನೂ ಆಯಾ ಊರಿನ ಮೇಷ್ಟರೇ ಎಂ.ಎ. ಪ್ರಬಂಧಕ್ಕೆ ವಿಷಯವಾಗಿಸಿಕೊಳ್ಳಬಹುದು. ಆದರೆ 2025ರ ಫೆಬ್ರವರಿಯಲ್ಲಿ, ಹೊಸದಾಗಿ ತೆರೆದ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಹಣದ ಕೊರತೆಯಿಂದ ಮುಚ್ಚುವುದು ಲೇಸೆಂಬ ಅಭಿಪ್ರಾಯಕ್ಕೆ ರಾಜ್ಯ ಸಚಿವ ಸಂಪುಟದ ಉಪಸಮಿತಿ ಬಂದಾಗ, ಆ ಪಟ್ಟಿಯಲ್ಲಿ ಚಾಮರಾಜನಗರದ ಹೆಸರೂ ಇದ್ದಿತು.